ಪಾಲಕತ್ವ: ಅಪ್ರಾಪ್ತವಯಸ್ಕರ ಪಾಲಕರ ಅಧಿಕಾರಗಳೂ ಕರ್ತವ್ಯಗಳೂ

ಪಾಲಕತ್ವವೆಂದರೆ, ವಯಸ್ಸು ತುಂಬದ ಕಾರಣದಿಂದ ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳಲು ನ್ಯಾಯದೃಷ್ಟಿಯಲ್ಲಿ ಅಸಮರ್ಥನಾದ ವ್ಯಕ್ತಿಯ ಶರೀರ, ಸ್ವತ್ತು ಅಥವಾ ಇವೆರಡರ ರಕ್ಷಣೆಯು, ಆ ವ್ಯಕ್ತಿಯ ಕ್ಷೇಮವೊಂದನ್ನೇ ಉದ್ದೇಶವಾಗಿಟ್ಟುಕೊಂಡು, ವಯಸ್ಕನಾದ ಇನ್ನೊಬ್ಬನಿಗೆ ವಹಿಸಲ್ಪಟ್ಟಿರುವ ನ್ಯಾಯಸಂಬಂಧ. ಈ ಸಂಬಂಧದಲ್ಲಿ ಪಾಲಕನಿಗಿರುವ ಅಧಿಕಾರವು ಅವನ ಸ್ವಂತದ ಹಕ್ಕಲ್ಲ. ಕರ್ತವ್ಯವನ್ನು ನೆರವೇರಿಸುವುದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಕಾನೂನು ಅವನ ಕೈಗಿತ್ತ ಸಾಧನ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳು ಹಿಂದೆ ಮುಂಬಯಿ ಪ್ರಾಂತದ ಕಾಯಿದೆಗಳಿಗೂ, ಸವಣೂರಿನ ಮಟ್ಟಿಗೆ ನವಾಬರ ಸಂಸ್ಥಾನದ ಆಳ್ವಿಕೆಗೂ ಒಳಪಟ್ಟಿದ್ದು, 1956ರಿಂದೀಚೆಗೆ ಮೈಸೂರು, ಅಂದರೆ ಇಂದಿನ ಕರ್ನಾಟಕ, ರಾಜ್ಯದ ಭೂಕಾಯಿದೆಗಳ ಅಡಿಯಲ್ಲಿ ಬಂದ ಪ್ರದೇಶವಾದುದರಿಂದ, ಪಾಲಕತ್ವದ ಕಾನೂನು ಭಾರತದಲ್ಲಿ ಬೆಳೆದುಬಂದ ಹಂತಗಳೆಲ್ಲವೂ ಇಲ್ಲಿ ಕಾಣಸಿಗುತ್ತವೆ.

ಪರಿಭಾಷೆ

18 ವರ್ಷ ತುಂಬದವನು ಅಪ್ರಾಪ್ತವಯಸ್ಕ. ಅವನ ಶರೀರ ಅಥವಾ ಸ್ವತ್ತಿನ ರಕ್ಷಣೆಯ ಹೊಣೆ ಹೊತ್ತವನು ಪಾಲಕ. ಹಾಗೆ ರಕ್ಷಿಸಲ್ಪಡುವವನು ಪಾಲ್ಯ. ಈ ಪದಗಳು ಸ್ತ್ರೀಪುರುಷರಿಬ್ಬರಿಗೂ ಸಮಾನವಾಗಿ ಅನ್ವಯಿಸುತ್ತವೆ. ಮಗುವನ್ನು ತನ್ನ ಬಳಿ ಇರಿಸಿಕೊಂಡು ದಿನನಿತ್ಯ ಸಲಹುವುದು ಅಭಿರಕ್ಷೆಯೆನಿಸುತ್ತದೆ. ಅಭಿರಕ್ಷೆ ಒಬ್ಬರಲ್ಲಿಯೂ ಪಾಲಕತ್ವ ಮತ್ತೊಬ್ಬರಲ್ಲಿಯೂ ಇರಲು ಅವಕಾಶವುಂಟು. ಸ್ವತ್ತನ್ನು ಮಾರಾಟ, ಅಡವು, ಬಕ್ಷೀಸು, ಅದಲಾಬದಲಿ ಮುಂತಾದ ಯಾವ ರೀತಿಯಿಂದಾದರೂ ಪರರಿಗೆ ವರ್ಗಾಯಿಸುವುದು ಪರಭಾರೆ. ಮೊದಲಿನಿಂದಲೇ ಕಾನೂನಿನ ಬಲವಿಲ್ಲದ ವ್ಯವಹಾರವು ಶೂನ್ಯ. ಸಂಬಂಧಪಟ್ಟವನು ನಿರಾಕರಿಸುವವರೆಗೆ ಊರ್ಜಿತವಾಗಿದ್ದು, ಅವನು ನಿರಾಕರಿಸಿದೊಡನೆ ಬಿದ್ದುಹೋಗುವ ವ್ಯವಹಾರವು ಶೂನ್ಯೀಕರಣೀಯ.

ಧಾರವಾಡ ಸೀಮೆಯ ಹಳೆಯ ಕಾಗದಪತ್ರಗಳಲ್ಲಿ ಅಪ್ರಾಪ್ತವಯಸ್ಕನನ್ನು, ಮರಾಠಿಯ ವ್ಯವಹಾರಭಾಷೆಯನ್ನನುಸರಿಸಿ, ‘ಅಜ್ಞಾನ’ ಎಂದೂ ಅವನ ಪರವಾಗಿ ನಡೆಯುವವನನ್ನು ‘ಅಜ್ಞಾನ ಪಾಲನಕರ್ತ’ ಎಂದೂ ಕರೆದಿರುವುದುಂಟು. ಈ ಎರಡನೆಯ ಪದದ ಸಂಕ್ಷೇಪವೇ ‘ಅ.ಪಾ.ಕ.’ ಎಂಬುದು. ಇಂದಿನ ಖರೀದಿ ಪತ್ರಗಳಲ್ಲಿಯೂ ಜನರ ಮಾತಿನಲ್ಲಿಯೂ ‘ಮೈನರ್’, ‘ಗಾರ್ಡಿಯನ್’ ಎಂಬ ಪದಗಳು ರೂಢಿಯಲ್ಲಿವೆ.

ಉಗಮ ಮತ್ತು ಇತಿಹಾಸ

ಪ್ರಾಚೀನ ಧರ್ಮಶಾಸ್ತ್ರವು ಬಾಲನನ್ನು ‘ಅಪ್ರಾಪ್ತವ್ಯವಹಾರ’ನೆಂದು, ಅಂದರೆ ವ್ಯವಹಾರ ನಡೆಸುವ ಯೋಗ್ಯತೆಯನ್ನು ಇನ್ನೂ ಪಡೆಯದವನೆಂದು, ಕರೆದಿತು. ನಾರದಸ್ಮೃತಿಯು ಈ ಅವಸ್ಥೆಯನ್ನು 16 ವರ್ಷದವರೆಗೆ ಎಣಿಸುತ್ತದೆ. ಬಾಲನಿಗೆ ದಾಯವಾಗಿ ಬಂದ ಸ್ವತ್ತನ್ನು, ಅವನು ಗುರುಕುಲದಿಂದ ಹಿಂದಿರುಗುವವರೆಗೆ ಅಥವಾ ಬಾಲ್ಯವನ್ನು ದಾಟುವವರೆಗೆ, ರಾಜನು ಕಾಪಾಡಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಅದೇ ಹೊಣೆಯನ್ನು ಗ್ರಾಮವೃದ್ಧರಿಗೆ ಒಪ್ಪಿಸಿ, ಬಾಲನ ದ್ರವ್ಯವನ್ನು ದೇವದ್ರವ್ಯದೊಡನೆ ಸೇರಿಸಿ ಹೇಳಿ, ಅದನ್ನು ಕಾಯುವುದಷ್ಟೇ ಅಲ್ಲದೆ ವೃದ್ಧಿಪಡಿಸಬೇಕೆಂದೂ ಹೇಳುತ್ತದೆ.

ಹಾನಗಲ್ಲಿನ ಕದಂಬರು ಸಾಮಂತರಾಗಿದ್ದ ಕಲ್ಯಾಣದ ಚಾಲುಕ್ಯರ ರಾಜ್ಯದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಈ ಭಾಗದ ಕುಟುಂಬಸ್ವತ್ತಿನ ಕಾನೂನಿಗೆ ಮೂಲಾಧಾರವಾಯಿತು. ಸ್ಥಾವರದ ಪರಭಾರೆಗೆ ಎಲ್ಲ ಹಕ್ಕುದಾರರ ಸಮ್ಮತಿ ಬೇಕೆಂಬ ನಿಯಮವನ್ನು ಹೇಳಿದ ವಿಜ್ಞಾನೇಶ್ವರನು, ಮಕ್ಕಳು ಸಮ್ಮತಿ ಕೊಡಲಾರದ ಬಾಲ್ಯದಲ್ಲಿರುವಾಗ, ಆಪತ್ಕಾಲದಲ್ಲಿ ಕುಟುಂಬದ ನಿರ್ವಾಹಕ್ಕಾಗಿ ಸಮರ್ಥನಾದ ಒಬ್ಬನೇ ಸ್ವತ್ತನ್ನು ಅಡವಿಡಬಹುದು ಅಥವಾ ಮಾರಬಹುದು ಎಂಬ ಅಪವಾದವನ್ನೂ ಹೇಳಿದನು. 1856ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಲ್ಲಿ, ಬಾಲನ ಸ್ವತ್ತಿನ ವ್ಯವಸ್ಥಾಪಕನಿಗಿರುವ ಪರಭಾರೆಯ ಅಧಿಕಾರವು ಪರಿಮಿತವಾದುದು, ಅಗತ್ಯ ಅಥವಾ ಸ್ವತ್ತಿನ ಹಿತ ಇದ್ದಲ್ಲಿ ಮಾತ್ರ ಬಳಸತಕ್ಕದ್ದು ಎಂದು ನಿರ್ಣಯಿಸಿತು.

19ನೆಯ ಶತಮಾನದಲ್ಲಿ ಈ ತಾಲೂಕುಗಳ ಪೈಕಿ ಹಾನಗಲ್ಲ, ಶಿಗ್ಗಾಂವಿಯನ್ನು ಮುಖ್ಯಸ್ಥಳವಾಗುಳ್ಳ ಬಂಕಾಪುರ ತಾಲೂಕು ಮತ್ತು ಹಿರೇಕೆರೂರನ್ನು ಮುಖ್ಯಸ್ಥಳವಾಗುಳ್ಳ ಕೋಡ ತಾಲೂಕು ಇವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಇಲ್ಲಿಗೆ ಮೊದಲು ಅನ್ವಯಿಸಿದ್ದು 1864ರ 20ನೆಯ ಕಾಯಿದೆಯಾದ ಮುಂಬಯಿಯ ಅಪ್ರಾಪ್ತವಯಸ್ಕರ ಕಾಯಿದೆ. ಬೇರೆ ಬೇರೆ ಪ್ರಾಂತಗಳ ಇಂತಹ ಕಾಯಿದೆಗಳನ್ನು ರದ್ದುಪಡಿಸಿ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಕ್ರಮವನ್ನು ತಂದದ್ದು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆ. ದೊಡ್ಡ ಜಮೀನ್ದಾರಿ ಮನೆತನಗಳ ಅಪ್ರಾಪ್ತವಯಸ್ಕ ವಾರಸುದಾರರ ಸ್ವತ್ತನ್ನು ಸರ್ಕಾರವೇ ವಹಿಸಿಕೊಂಡು ನಡೆಸುವುದಕ್ಕೆ 1905ರಲ್ಲಿ ಮುಂಬಯಿಯ ಕೋರ್ಟ್ ಆಫ್ ವಾರ್ಡ್ಸ್ ಕಾಯಿದೆ ಬಂದಿತು.

ಸವಣೂರು ಸಂಸ್ಥಾನದಲ್ಲಿ ಧಾರವಾಡದ ಕಲೆಕ್ಟರನೇ ಪೊಲಿಟಿಕಲ್ ಏಜೆಂಟನಾಗಿದ್ದನು. 1890ರಲ್ಲಿ ಜನಿಸಿದ ನವಾಬ ಎರಡನೆಯ ಅಬ್ದುಲ್ ಮಜೀದ್ ಖಾನನು ಶೈಶವದಲ್ಲಿಯೇ ಗಾದಿಗೆ ಬಂದುದರಿಂದ, ಅಪ್ರಾಪ್ತವಯಸ್ಕನಾದ ಅರಸನ ರಾಜ್ಯವನ್ನು ಬೇರೆಯವರು ನಡೆಸಿ ಅವನು ಯೋಗ್ಯ ವಯಸ್ಸಿಗೆ ಬಂದಾಗ ಒಪ್ಪಿಸುವ ಪದ್ಧತಿಗೆ ಈ ಚಿಕ್ಕ ಸಂಸ್ಥಾನವೂ ಒಂದು ನಿದರ್ಶನವಾಯಿತು. 1948ರಲ್ಲಿ ಸವಣೂರು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ಆಗಸ್ಟ್ 25ರಂದು ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ಜಾರಿಗೆ ಬಂದಾಗ ಈ ನಾಲ್ಕೂ ಎಡೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದು, ಎರಡು ತಿಂಗಳುಗಳ ತರುವಾಯ, ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆ ಬೇರ್ಪಟ್ಟಿತು.

ಅನ್ವಯಿಸುವ ಕಾನೂನುಗಳು

1890ರ ಕಾಯಿದೆಯು ಜಾತಿಮತಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾಯಿದೆ. 1956ರ ಕಾಯಿದೆಯು ಅದಕ್ಕೆ ಪೂರಕವಾಗಿ ಹಿಂದೂಗಳಿಗೆ ಅನ್ವಯಿಸುತ್ತದೆ; ವೀರಶೈವ ಮತ್ತು ಲಿಂಗಾಯತರನ್ನು ಅದು ಹೆಸರಿಸಿಯೇ ಒಳಗೊಂಡಿದೆ; ಬೌದ್ಧ, ಜೈನ ಮತ್ತು ಸಿಖ್ಖರೂ ಅದರ ವ್ಯಾಪ್ತಿಗೆ ಬರುತ್ತಾರೆ. ಅನುಸೂಚಿತ ಬುಡಕಟ್ಟುಗಳಿಗೆ ಮಾತ್ರ, ಕೇಂದ್ರ ಸರ್ಕಾರವು ಬೇರೆ ರೀತಿಯಾಗಿ ಅಧಿಸೂಚಿಸದ ಹೊರತು, 1956ರ ಕಾಯಿದೆ ಅನ್ವಯಿಸದು. ಅವರು ತಮ್ಮ ರೂಢಿಗೂ 1890ರ ಕಾಯಿದೆಗೂ ಒಳಪಡುತ್ತಾರೆ. ಸವಣೂರು, ಶಿಗ್ಗಾಂವಿ ಮೊದಲಾದೆಡೆಗಳಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಮುಸಲ್ಮಾನರ ಪಾಲಕತ್ವಕ್ಕೆ, 1937ರ ಶರೀಅತ್ ಕಾಯಿದೆಯ ಮೂಲಕ, ಇಸ್ಲಾಂ ಧರ್ಮದ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಪ್ರಾಪ್ತವಯಸ್ಸನ್ನು 1875ರ ಭಾರತೀಯ ಪ್ರಾಪ್ತವಯಸ್ಸಿನ ಕಾಯಿದೆ ನಿರ್ಧರಿಸುತ್ತದೆ. ನ್ಯಾಯಾಲಯವು ಪಾಲಕನನ್ನು ನೇಮಿಸಿದ್ದಲ್ಲಿ ಆ ವಯಸ್ಸು 21 ಎಂದು ಮೊದಲು ಇದ್ದುದನ್ನು 1999ರ ತಿದ್ದುಪಡಿಯು ತೆಗೆದುಹಾಕಿ, ಎಲ್ಲರಿಗೂ 18 ಎಂದು ಮಾಡಿತು.

ಪಾಲಕರ ಪ್ರಭೇದಗಳು

ಸಹಜ ಪಾಲಕ. 1956ರ ಕಾಯಿದೆಯ 6ನೆಯ ಕಲಮಿನಂತೆ ಹಿಂದೂ ಬಾಲಕನಿಗೂ ಅವಿವಾಹಿತ ಬಾಲಿಕೆಗೂ ತಂದೆ, ಅವನ ತರುವಾಯ ತಾಯಿ, ಸಹಜ ಪಾಲಕರು. ಆದರೆ 5 ವರ್ಷ ತುಂಬದ ಮಗುವಿನ ಅಭಿರಕ್ಷೆ ಸಾಮಾನ್ಯವಾಗಿ ತಾಯಿಯಲ್ಲಿರತಕ್ಕದ್ದು. ವಿವಾಹಬಾಹಿರವಾಗಿ ಜನಿಸಿದ ಮಗುವಿಗೆ ಮೊದಲು ತಾಯಿ, ಅವಳ ತರುವಾಯ ತಂದೆ. ದತ್ತುಪುತ್ರನ ಪಾಲಕತ್ವವು ದತ್ತು ತಂದೆಗೂ ಅವನ ತರುವಾಯ ದತ್ತು ತಾಯಿಗೂ ಸಲ್ಲುತ್ತದೆ. ಮಲತಂದೆ ಮಲತಾಯಿಯರಿಗೆ ಈ ಸ್ಥಾನವಿಲ್ಲ. ಹಿಂದೂ ಧರ್ಮವನ್ನು ತೊರೆದವರಿಗೂ ಸನ್ಯಾಸಾದಿಗಳಿಂದ ಪ್ರಪಂಚವನ್ನು ಸಂಪೂರ್ಣವಾಗಿ ತ್ಯಜಿಸಿದವರಿಗೂ ಇಲ್ಲ. ‘ಅವನ ತರುವಾಯ’ ಎಂಬ ಮಾತಿಗೆ ತಂದೆಯ ಮರಣಾನಂತರವೆಂದಷ್ಟೇ ಅರ್ಥವಲ್ಲ, ತಂದೆಯು ದೂರವಿದ್ದಾಗ, ಮಗುವಿನ ವಿಷಯದಲ್ಲಿ ಉದಾಸೀನನಾಗಿದ್ದಾಗ, ಅಥವಾ ಅನ್ಯ ಕಾರಣದಿಂದ ಹೊಣೆ ನಿರ್ವಹಿಸದಿರುವಾಗ ಅವನು ಬದುಕಿರುವಾಗಲೇ ತಾಯಿಯು ಸಹಜ ಪಾಲಕಳಾಗಿ ನಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ತಂದ ಪ್ರಕರಣದಲ್ಲಿ ಅರ್ಥೈಸಿತು. 2015ರಲ್ಲಿ ಅದೇ ನ್ಯಾಯಾಲಯವು, ಅವಿವಾಹಿತ ತಾಯಿಯು ಪಾಲಕತ್ವಕ್ಕೆ ಅರ್ಜಿ ಸಲ್ಲಿಸುವಾಗ ಮಗುವಿನ ತಂದೆಯ ಹೆಸರನ್ನು ತಿಳಿಸುವುದೂ ಅವನಿಗೆ ನೋಟೀಸು ಕೊಡುವುದೂ ಅನಿವಾರ್ಯವಲ್ಲವೆಂದು ಹೇಳಿತು.

ಮುಸಲ್ಮಾನರಲ್ಲಿ ಸ್ವತ್ತಿನ ಪಾಲಕತ್ವವು ಕ್ರಮವಾಗಿ ತಂದೆ, ತಂದೆಯು ಮೃತ್ಯುಪತ್ರದಲ್ಲಿ ನೇಮಿಸಿದವನು, ತಂದೆಯ ತಂದೆ, ಅವನು ನೇಮಿಸಿದವನು, ಇವರಿಗೆ ಸಲ್ಲುತ್ತದೆ. ‘ಹಿಜಾನತ್’ ಎಂಬ ಅಭಿರಕ್ಷೆಯ ಹಕ್ಕು ಮಾತ್ರ ತಾಯಿಯದು. ಹನಫಿ ಸಂಪ್ರದಾಯದಂತೆ ಅದು ಗಂಡುಮಗುವಿಗೆ 7 ವರ್ಷ ತುಂಬುವವರೆಗೆ, ಹೆಣ್ಣುಮಗುವು ಋತುಮತಿಯಾಗುವವರೆಗೆ ನಡೆಯುತ್ತದೆ.

ಮೃತ್ಯುಪತ್ರದ ಪಾಲಕ. ಹಿಂದೂ ತಂದೆಯು ಮೃತ್ಯುಪತ್ರದಿಂದ ತನ್ನ ಮಕ್ಕಳಿಗೆ ಪಾಲಕನನ್ನು ನೇಮಿಸಬಹುದು. ಆದರೆ ತಾಯಿಯು ಬದುಕಿದ್ದರೆ ಆ ನೇಮಕ ಪರಿಣಾಮಕಾರಿಯಾಗದು. ಅವಳು ತಾನಾಗಿ ಯಾರನ್ನೂ ನೇಮಿಸದೆ ತೀರಿಕೊಂಡರೆ ಮಾತ್ರ ಮತ್ತೆ ಜೀವ ತಳೆಯುತ್ತದೆ. ತಂದೆಯ ತರುವಾಯ ಪಾಲಕಳಾದ ತಾಯಿಗೂ ಹೀಗೆ ನೇಮಿಸುವ ಅಧಿಕಾರವುಂಟು.

ನ್ಯಾಯಾಲಯದಿಂದ ನಿಯುಕ್ತನಾದ ಪಾಲಕ. 1890ರ ಕಾಯಿದೆಯ 7ನೆಯ ಕಲಮಿನ ಮೇರೆಗೆ, ಮಗುವಿನ ಕ್ಷೇಮಕ್ಕೆ ಅಗತ್ಯವೆಂದು ಮನವರಿಕೆಯಾದಾಗ, ನ್ಯಾಯಾಲಯವು ಪಾಲಕನನ್ನು ನೇಮಿಸುತ್ತದೆ ಅಥವಾ ಈಗಾಗಲೇ ಇರುವವನನ್ನು ಪಾಲಕನೆಂದು ಘೋಷಿಸುತ್ತದೆ. ಜಿಲ್ಲೆಯ ಕಲೆಕ್ಟರನನ್ನು ಅವನ ಹುದ್ದೆಯ ದೆಸೆಯಿಂದಲೇ ಪಾಲಕನನ್ನಾಗಿ ನೇಮಿಸಲು ಅದೇ ಕಾಯಿದೆಯಲ್ಲಿ ಅವಕಾಶವಿದೆ.

ವಸ್ತುತಃ ಪಾಲಕ. ಕಾನೂನಿನಂತೆ ಅಧಿಕಾರವಿಲ್ಲದಿದ್ದರೂ ಮಗುವಿನ ಪಾಲನೆಯನ್ನು ನಿಜವಾಗಿ ಹೊತ್ತಿರುವ ಅಜ್ಜ, ದೊಡ್ಡಪ್ಪ, ಸೋದರಮಾವ, ಅಕ್ಕ ಮೊದಲಾದವರು ಈ ವರ್ಗಕ್ಕೆ ಸೇರಿದವರು. ಹಾನಗಲ್ಲ ತಾಲೂಕಿನಲ್ಲಿ 1914ರಲ್ಲಿ ಜನಿಸಿ, ಎಳವೆಯಲ್ಲಿಯೇ ತಂದೆತಾಯಿಯರನ್ನೂ ದೃಷ್ಟಿಯನ್ನೂ ಕಳೆದುಕೊಂಡ ಪುಟ್ಟರಾಜ ಗವಾಯಿಗಳನ್ನು ಸೋದರಮಾವನು ಸಲಹಿ ಪಂಚಾಕ್ಷರಿ ಗವಾಯಿಗಳ ಆಶ್ರಯಕ್ಕೆ ಒಪ್ಪಿಸಿದುದು ಇಂತಹ ಪಾಲನೆಗೆ ಪ್ರಸಿದ್ಧ ನಿದರ್ಶನ. ವಸ್ತುತಃ ಪಾಲಕನು ಮಗುವನ್ನು ಸಲಹಬಹುದು, ಓದಿಸಬಹುದು. ಆದರೆ 1956ರ ಕಾಯಿದೆಯ 11ನೆಯ ಕಲಮಿನಂತೆ, ಕೇವಲ ತಾನು ವಸ್ತುತಃ ಪಾಲಕನೆಂಬ ಆಧಾರದಿಂದ ಹಿಂದೂ ಮಗುವಿನ ಸ್ವತ್ತನ್ನು ಪರಭಾರೆ ಮಾಡಕೂಡದು. ಮುಸಲ್ಮಾನರ ವಿಷಯದಲ್ಲಿ ಇದೇ ತತ್ತ್ವವನ್ನು ಪ್ರಿವಿ ಕೌನ್ಸಿಲ್ 1918ರ ಇಮಾಂಬಂದಿ ಪ್ರಕರಣದಲ್ಲಿ ಸ್ಥಾಪಿಸಿತ್ತು.

ಶರೀರಪಾಲಕನ ಅಧಿಕಾರ ಮತ್ತು ಕರ್ತವ್ಯಗಳು

ಪಾಲ್ಯನ ಅಭಿರಕ್ಷೆಯನ್ನು ವಹಿಸಿಕೊಂಡು ಅವನ ಪೋಷಣೆ, ಆರೋಗ್ಯ, ವಿದ್ಯಾಭ್ಯಾಸ ಹಾಗೂ ಅವನ ವೈಯಕ್ತಿಕ ಕಾನೂನು ವಿಧಿಸುವ ಇತರ ವಿಷಯಗಳನ್ನು ನೋಡಿಕೊಳ್ಳುವುದು ಶರೀರಪಾಲಕನ ಕರ್ತವ್ಯವೆಂದು 1890ರ ಕಾಯಿದೆಯ 24ನೆಯ ಕಲಮು ನಿರೂಪಿಸುತ್ತದೆ. ತಂದೆತಾಯಿಯರು ಮಕ್ಕಳನ್ನು ತಮ್ಮ ಸ್ವಂತ ವೆಚ್ಚದಿಂದ ಪೋಷಿಸಲು ಬದ್ಧರು. ಅನ್ಯನಾದ ಪಾಲಕನಾದರೋ ಪಾಲ್ಯನ ಸ್ವತ್ತಿನ ಆದಾಯದಿಂದ ಪೋಷಣೆಯ ವ್ಯವಸ್ಥೆ ಮಾಡತಕ್ಕವನು. ಶಾಲೆಯನ್ನು ಆರಿಸುವುದು, ಚಿಕಿತ್ಸೆಗೆ ಸಮ್ಮತಿ ಕೊಡುವುದು, ವಾಸಸ್ಥಳವನ್ನು ನಿರ್ಧರಿಸುವುದು, ಮಗುವಿನ ಪರವಾಗಿ ಅರ್ಜಿಗಳಿಗೆ ಸಹಿ ಮಾಡುವುದು ಇವೆಲ್ಲ ಈ ಕರ್ತವ್ಯದಿಂದ ಹುಟ್ಟುವ ಅಧಿಕಾರಗಳು. ಪಾಲ್ಯನು ಪಾಲಕನನ್ನು ಬಿಟ್ಟುಹೋದರೆ ಅಥವಾ ಯಾರಾದರೂ ಅವನನ್ನು ಒಯ್ದರೆ, 25ನೆಯ ಕಲಮಿನ ಮೇರೆಗೆ ಮರಳಿ ಪಡೆಯಲು ನ್ಯಾಯಾಲಯವನ್ನು ಪ್ರಾರ್ಥಿಸಬಹುದು. ಹಿಂದಿರುಗುವುದು ಮಗುವಿನ ಕ್ಷೇಮಕ್ಕೆ ಅನುಕೂಲವೆಂದು ಕಂಡರೆ ಮಾತ್ರ ನ್ಯಾಯಾಲಯವು ಆಜ್ಞೆ ಮಾಡುತ್ತದೆ. ನ್ಯಾಯಾಲಯದಿಂದ ನೇಮಕವಾದ ಪಾಲಕನು ಅದರ ಅನುಮತಿಯಿಲ್ಲದೆ ಪಾಲ್ಯನನ್ನು ಅದರ ಅಧಿಕಾರಕ್ಷೇತ್ರದ ಹೊರಗೆ ಒಯ್ಯಕೂಡದು. ನ್ಯಾಯಾಲಯದ ಅಧಿಕಾರವನ್ನು ತಪ್ಪಿಸುವ ಉದ್ದೇಶದಿಂದಲೇ ಹಾಗೆ ಒಯ್ದರೆ, 1,000 ರೂಪಾಯಿಗಳವರೆಗಿನ ದಂಡ ಅಥವಾ ಸಿವಿಲ್ ಬಂದೀಖಾನೆಯಲ್ಲಿ 6 ತಿಂಗಳವರೆಗಿನ ವಾಸ ವಿಹಿತವಾಗಿದೆ.

ಈ ಅಧಿಕಾರವನ್ನು ಅನ್ಯ ಕಾಯಿದೆಗಳು ಹಲವು ಕಡೆ ತಡೆದು ನಿಲ್ಲಿಸುತ್ತವೆ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಪಾಲಕನ ಕರ್ತವ್ಯ. ಬಾಲಿಕೆಗೆ 18, ಬಾಲಕನಿಗೆ 21 ವರ್ಷ ತುಂಬುವ ಮುನ್ನ ವಿವಾಹ ಮಾಡಿಸುವ ಅಥವಾ ಅದನ್ನು ತಡೆಯಲು ಅಲಕ್ಷ್ಯ ತೋರುವ ಪಾಲಕನಿಗೆ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು 2 ವರ್ಷಗಳವರೆಗಿನ ಕಠಿಣ ಕಾರಾವಾಸವನ್ನೂ 1 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಂತಹ ವಿವಾಹವು ಆರಂಭದಿಂದಲೇ ಶೂನ್ಯ. ಹೆಣ್ಣುಮಗುವನ್ನು ದೇವದಾಸಿಯಾಗಿ ಅರ್ಪಿಸುವುದನ್ನು 1934ರ ಮುಂಬಯಿ ಕಾಯಿದೆಯೂ ತರುವಾಯ 1982ರ ಕರ್ನಾಟಕ ಕಾಯಿದೆಯೂ ನಿಷೇಧಿಸಿದುವು. ಅರ್ಪಿಸಿದವರು ತಂದೆತಾಯಿ ಅಥವಾ ಪಾಲಕರೇ ಆಗಿದ್ದರೆ 1982ರ ಕಾಯಿದೆಯು ಇತರರಿಗಿಂತ ಅಧಿಕ ಶಿಕ್ಷೆಯನ್ನು ಗೊತ್ತುಪಡಿಸಿತು.

ಸ್ವತ್ತಿನ ಪಾಲಕನ ಅಧಿಕಾರ ಮತ್ತು ಕರ್ತವ್ಯಗಳು

ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಸ್ವತ್ತನ್ನು ಎಷ್ಟು ಜಾಗರೂಕತೆಯಿಂದ ನೋಡಿಕೊಳ್ಳುವನೋ ಅಷ್ಟೇ ಜಾಗರೂಕತೆಯಿಂದ ಪಾಲ್ಯನ ಸ್ವತ್ತನ್ನು ನೋಡಿಕೊಳ್ಳತಕ್ಕದ್ದೆಂಬುದು 1890ರ ಕಾಯಿದೆಯ 27ನೆಯ ಕಲಮಿನ ವಿಧಿ. ಹಾನಗಲ್ಲಿನ ಭತ್ತದ ಗದ್ದೆ ಮಾವಿನ ತೋಪುಗಳಾಗಲಿ, ಸವಣೂರಿನ ವೀಳ್ಯದೆಲೆಯ ತೋಟವಾಗಲಿ, ಹಿರೇಕೆರೂರು ಶಿಗ್ಗಾಂವಿಗಳ ಹತ್ತಿ ಗೋವಿನಜೋಳದ ಹೊಲಗಳಾಗಲಿ, ಇವುಗಳಲ್ಲಿ ಬೆಳೆ ತೆಗೆದು, ಮಾಲು ಮಾರಿ, ಕಂದಾಯ ತುಂಬಿ, ಬದುವು ಬಾವಿಗಳನ್ನು ಸುಸ್ಥಿತಿಯಲ್ಲಿಟ್ಟು, ಬರತಕ್ಕ ಬಾಕಿಯನ್ನು ವಸೂಲು ಮಾಡಿ, ಉಳಿದ ಹಣವನ್ನು ಭದ್ರವಾಗಿಡುವುದೆಲ್ಲ ಈ ವಿಧಿಯಲ್ಲಿ ಅಡಕವಾಗಿದೆ. ಪಾಲಕನು ವಿಶ್ವಾಸಪಾತ್ರನ ಸ್ಥಾನದಲ್ಲಿರುವುದರಿಂದ ತನ್ನ ಪದವಿಯಿಂದ ಲಾಭ ಗಳಿಸಕೂಡದು. ಪಾಲ್ಯನು ಪ್ರಾಪ್ತವಯಸ್ಕನಾದ ಕೂಡಲೇ ಅಥವಾ ಅದರ ಆಸುಪಾಸಿನಲ್ಲಿ ಅವನ ಸ್ವತ್ತನ್ನು ಪಾಲಕನು ತಾನೇ ಕೊಂಡರೆ ಆ ಕ್ರಯಕ್ಕೂ ಈ ನಿಯಮ ಅನ್ವಯಿಸುತ್ತದೆ.

ತಂದೆಯು ತೀರಿಕೊಂಡಾಗ ಅಪ್ರಾಪ್ತವಯಸ್ಕ ಮಕ್ಕಳ ಹೆಸರನ್ನು ವಾರಸಾ ಪ್ರಕಾರ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ದಾಖಲಿಸುವುದಕ್ಕಾಗಿ ತಲಾಠಿಗೆ, ಅಂದರೆ ಇಂದಿನ ಗ್ರಾಮ ಆಡಳಿತಾಧಿಕಾರಿಗೆ, ವರ್ದಿ ಕೊಡುವುದು ಪಾಲಕನ ಮೊದಲ ಕೆಲಸಗಳಲ್ಲೊಂದು. ಹಕ್ಕು ಪಡೆದವನು ಅಪ್ರಾಪ್ತವಯಸ್ಕನಾಗಿದ್ದಲ್ಲಿ ಅವನ ಪಾಲಕನೇ ಅಥವಾ ಸ್ವತ್ತನ್ನು ನೋಡಿಕೊಳ್ಳುವವನೇ ವರದಿ ಮಾಡತಕ್ಕದ್ದೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಕಲಮು ಹೇಳುತ್ತದೆ. ಉತಾರದಲ್ಲಿ ಪಾಲಕನ ಹೆಸರು ಕಾಣಿಸಿಕೊಂಡ ಮಾತ್ರಕ್ಕೆ ಅವನಿಗೆ ಒಡೆತನ ಬಾರದು.

ಹಿಂದೂ ಸಹಜ ಪಾಲಕನ ಅಧಿಕಾರವನ್ನು 1956ರ ಕಾಯಿದೆಯ 8ನೆಯ ಕಲಮು ಅಳೆದುಕೊಟ್ಟಿದೆ. ಮಗುವಿನ ಹಿತಕ್ಕೆ ಅಥವಾ ಸ್ವತ್ತಿನ ವಸೂಲಿ, ರಕ್ಷಣೆ ಮತ್ತು ಅನುಕೂಲಕ್ಕೆ ಅಗತ್ಯವಾದ, ಯುಕ್ತವಾದ ಎಲ್ಲ ಕಾರ್ಯಗಳನ್ನೂ ಅವನು ಮಾಡಬಹುದು. ಆದರೆ ಮಗುವಿನ ಮೇಲೆ ವೈಯಕ್ತಿಕ ಹೊಣೆ ಬರುವಂತಹ ಕರಾರನ್ನು ಯಾವ ಸಂದರ್ಭದಲ್ಲಿಯೂ ಮಾಡಕೂಡದು. ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಸ್ಥಾವರವನ್ನು ಅಡವಿಡುವುದು, ಅದರ ಮೇಲೆ ಬೋಜಾ ಏರಿಸುವುದು, ಮಾರುವುದು, ಬಕ್ಷೀಸು ಕೊಡುವುದು, ಅದಲಾಬದಲಿ ಮಾಡುವುದು, 5 ವರ್ಷಗಳನ್ನು ಮೀರಿ ಅಥವಾ ಮಗುವು ಪ್ರಾಪ್ತವಯಸ್ಕನಾದ ಮೇಲೆ 1 ವರ್ಷವನ್ನು ಮೀರಿ ನಡೆಯುವಂತೆ ಗೇಣಿಗೆ ಕೊಡುವುದು ಇವೆಲ್ಲ ನಿಷಿದ್ಧ. ನ್ಯಾಯಾಲಯವು ನೇಮಿಸಿದ ಪಾಲಕನಿಗೂ 1890ರ ಕಾಯಿದೆಯ 29ನೆಯ ಕಲಮು ಸರಿಸುಮಾರು ಇದೇ ಮಿತಿಗಳನ್ನು ಹಾಕಿದೆ. ಅಗತ್ಯ ಅಥವಾ ಮಗುವಿಗೆ ಸ್ಪಷ್ಟವಾಗಿ ಕಾಣುವ ಲಾಭ, ಇವೆರಡರಲ್ಲೊಂದು ಇದ್ದ ಹೊರತು ಅನುಮತಿ ದೊರೆಯದು. ಅನುಮತಿ ಕೊಡುವಾಗ, ಸವಾಲು ಕೂಗಿಸಿ ಹೆಚ್ಚಿನ ಬೆಲೆಗೆ ಮಾರತಕ್ಕದ್ದೆಂದೂ, ಬಂದ ಹಣವನ್ನು ನ್ಯಾಯಾಲಯದಲ್ಲಿ ತುಂಬತಕ್ಕದ್ದೆಂದೂ ಷರತ್ತು ವಿಧಿಸಬಹುದು.

ಗೇಣಿಯ ವಿಷಯದಲ್ಲಿ ಕರ್ನಾಟಕದ ಸ್ಥಿತಿ ವಿಶಿಷ್ಟವಾದುದು. 1961ರ ಭೂಸುಧಾರಣಾ ಕಾಯಿದೆಗೆ ಮಾಡಿದ, 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯು, ಸೈನಿಕರು ಮತ್ತು ನಾವಿಕರ ಅಪವಾದವನ್ನುಳಿದು, ಸಾಗುವಳಿ ಭೂಮಿಯನ್ನು ಎಷ್ಟು ಅಲ್ಪಾವಧಿಗೇ ಆಗಲಿ ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಆದುದರಿಂದ 5 ವರ್ಷಗಳ ಗೇಣಿಯ ಅಧಿಕಾರವು ಇಲ್ಲಿ ಮನೆ, ಅಂಗಡಿ, ಗೋದಾಮು ಮೊದಲಾದವುಗಳಿಗೆ ಸೀಮಿತವಾಗಿದ್ದು, ವಿಧವೆಯಾದ ತಾಯಿಯು ಮಕ್ಕಳ ಹೊಲವನ್ನು ‘ಲಾವಣಿ’ಗೆ, ಅಂದರೆ ಗೇಣಿಗೆ, ಹಾಕುವ ರೂಢಿಗೆ ಈ ಕಲಮು ಆಧಾರವಾಗಲಾರದು.

ಅನುಮತಿಯಿಲ್ಲದ ಪರಭಾರೆಯ ಪರಿಣಾಮ

ಪೂರ್ವಾನುಮತಿಯಿಲ್ಲದೆ ಪಾಲಕನು ಮಾಡಿದ ಪರಭಾರೆಯು ಶೂನ್ಯವಲ್ಲ, ಶೂನ್ಯೀಕರಣೀಯ; ಅದನ್ನು ನಿರಾಕರಿಸುವ ಅಧಿಕಾರ ಅಪ್ರಾಪ್ತವಯಸ್ಕನಿಗೆ ಅಥವಾ ಅವನ ಮೂಲಕ ಹಕ್ಕು ಪಡೆದವರಿಗೆ ಇದೆ. ಅದಕ್ಕಾಗಿ ದಾವೆ ಹೂಡುವುದಾದರೆ, 1963ರ ಕಾಲಮಿತಿ ಕಾಯಿದೆಯ 60ನೆಯ ಅನುಚ್ಛೇದದಂತೆ, ಪ್ರಾಪ್ತವಯಸ್ಕನಾದ ದಿನದಿಂದ 3 ವರ್ಷಗಳೊಳಗೆ, ಅಂದರೆ ಸಾಮಾನ್ಯವಾಗಿ 21 ವರ್ಷ ತುಂಬುವುದರೊಳಗೆ, ಹೂಡತಕ್ಕದ್ದು. ದಾವೆಯೇ ಬೇಕೆಂಬ ನಿರ್ಬಂಧವಿಲ್ಲ, ಸ್ಪಷ್ಟವಾದ ನಡತೆಯಿಂದಲೂ ನಿರಾಕರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ, ನೆರೆಯ ದಾವಣಗೆರೆಯ ಶಾಮನೂರಿನ ನಿವೇಶನಗಳ ಪ್ರಕರಣದಲ್ಲಿ ತೀರ್ಪಿತ್ತಿತು. ಆ ಪ್ರಕರಣದಲ್ಲಿ, ತಂದೆಯು ಅನುಮತಿ ಪಡೆಯದೆ ಮಾರಿದ್ದ ನಿವೇಶನವನ್ನು ಮಕ್ಕಳು ವಯಸ್ಸಿಗೆ ಬಂದ ಮೇಲೆ, ಕಾಲಮಿತಿಯೊಳಗೆ, ಬೇರೊಬ್ಬರಿಗೆ ಮಾರಿದುದೇ ಮೊದಲಿನ ಮಾರಾಟದ ನಿರಾಕರಣೆಯೆನಿಸಿತು.

ಪರಭಾರೆ ಮಾಡಿದವನು ಪಾಲಕನೇ ಅಲ್ಲದಿದ್ದರೆ ಈ ಮಾತು ಸಲ್ಲದು. ಅಧಿಕಾರವಿಲ್ಲದವನು ಮಾಡಿದ ವರ್ಗಾವಣೆಯಿಂದ ಮಗುವಿನ ಹಕ್ಕು ಹೋಗುವುದಿಲ್ಲ. ಅಪ್ರಾಪ್ತವಯಸ್ಕನು ತಾನೇ ಮಾಡಿಕೊಂಡ ಕರಾರು ಶೂನ್ಯವೆಂಬುದು 1903ರ ಮೊಹೋರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಸ್ಥಾಪಿಸಿದ ನಿಯಮ.

ಅವಿಭಕ್ತ ಕುಟುಂಬದ ಸ್ವತ್ತು

ಮಿತಾಕ್ಷರಾ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಅಪ್ರಾಪ್ತವಯಸ್ಕನಿಗಿರುವ ಅವಿಭಕ್ತ ಹಿತಾಸಕ್ತಿಯು ಕುಟುಂಬದ ವಯಸ್ಕ ಸದಸ್ಯನ ನಿರ್ವಹಣೆಯಲ್ಲಿದ್ದರೆ, ಅದಕ್ಕೆ ಪ್ರತ್ಯೇಕವಾಗಿ ಪಾಲಕನನ್ನು ನೇಮಿಸತಕ್ಕದ್ದಲ್ಲ; ಉಚ್ಚ ನ್ಯಾಯಾಲಯದ ವಿಶೇಷಾಧಿಕಾರವನ್ನು ಮಾತ್ರ 1956ರ ಕಾಯಿದೆ ಉಳಿಸಿಕೊಂಡಿದೆ. ಕುಟುಂಬದ ಕರ್ತೃವು ಕಾನೂನುಬದ್ಧ ಅಗತ್ಯಕ್ಕಾಗಿ ಅವಿಭಕ್ತ ಸ್ವತ್ತನ್ನು ಪರಭಾರೆ ಮಾಡಿದಾಗ 8ನೆಯ ಕಲಮಿನ ಪೂರ್ವಾನುಮತಿ ಬೇಕಿಲ್ಲವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ವಾಟಣಿಯಾಗಿ (ವಿಭಾಗವಾಗಿ) ಮಗುವಿನ ಪಾಲಿಗೆ ಬಂದ, ಅಥವಾ ಮಗುವಿಗೆ ಸ್ವತಂತ್ರವಾಗಿ ಬಂದ ಸ್ವತ್ತಿಗೆ ಪೂರ್ವಾನುಮತಿ ಅನಿವಾರ್ಯ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಹಿಂದೂ ಉತ್ತರಾಧಿಕಾರ ಕಾಯಿದೆಯ 1994ರ ಕರ್ನಾಟಕ ತಿದ್ದುಪಡಿಯಿಂದಲೂ 2005ರ ಕೇಂದ್ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೂ ವಿಸ್ತರಿಸಿರುವುದರಿಂದ, ವಾಟಣಿಯ ಕಾಲದಲ್ಲಿ ಅಪ್ರಾಪ್ತವಯಸ್ಕ ಬಾಲಿಕೆಯ ಪಾಲನ್ನು ಬಿಡಿಸಿಕೊಡುವುದೂ ಅವಳ ಪಾಲಕನ ಕರ್ತವ್ಯವಾಗಿದೆ.

ನೇಮಕದ ವಿಧಾನ

ಶರೀರಪಾಲಕತ್ವದ ಅರ್ಜಿಯನ್ನು ಮಗುವು ಸಾಮಾನ್ಯವಾಗಿ ವಾಸಿಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸತಕ್ಕದ್ದು. ಸ್ವತ್ತಿನ ಪಾಲಕತ್ವದ ಅರ್ಜಿಯನ್ನು ಮಗುವಿನ ವಾಸಸ್ಥಳದಲ್ಲಿ ಅಥವಾ ಸ್ವತ್ತು ಇರುವಲ್ಲಿ ಸಲ್ಲಿಸಬಹುದು. ಹೀಗೆ, ಜಮೀನು ಹಿರೇಕೆರೂರು ತಾಲೂಕಿನಲ್ಲಿದ್ದು ಮಗುವು ಹುಬ್ಬಳ್ಳಿಯಲ್ಲಿ ಬೆಳೆಯುತ್ತಿದ್ದರೆ, ಸ್ವತ್ತಿನ ಅರ್ಜಿಗೆ ಎರಡು ದಾರಿಗಳೂ ಅಭಿರಕ್ಷೆಯ ಅರ್ಜಿಗೆ ಒಂದೇ ದಾರಿಯೂ ಇರುತ್ತವೆ. 1984ರ ಕಾಯಿದೆಯಂತೆ ಕುಟುಂಬ ನ್ಯಾಯಾಲಯ ಸ್ಥಾಪಿತವಾಗಿರುವಲ್ಲಿ ಶರೀರಪಾಲಕತ್ವ ಮತ್ತು ಅಭಿರಕ್ಷೆಯ ಪ್ರಕರಣಗಳು ಅದಕ್ಕೆ ಸೇರುತ್ತವೆ.

ಅರ್ಜಿಯಲ್ಲಿ ಮಗುವಿನ ಹೆಸರು, ಲಿಂಗ, ಧರ್ಮ, ಜನ್ಮದಿನ, ವಾಸಸ್ಥಳ, ಸ್ವತ್ತಿನ ವಿವರ ಮತ್ತು ಅಂದಾಜು ಬೆಲೆ, ಮಗುವು ಈಗ ಯಾರ ಬಳಿಯಲ್ಲಿದೆಯೆಂಬುದು, ಹತ್ತಿರದ ಬಂಧುಗಳ ವಿವರ, ಅರ್ಜಿಗೆ ಕಾರಣ ಇವನ್ನು ನಮೂದಿಸಿ, ಪಾಲಕನಾಗಲಿರುವವನ ಲಿಖಿತ ಸಮ್ಮತಿಯನ್ನು ಲಗತ್ತಿಸಬೇಕು. ತಂದೆತಾಯಿಯರಿಗೂ ಮಗುವನ್ನು ಇರಿಸಿಕೊಂಡವರಿಗೂ ನೋಟೀಸು ಹೋಗುತ್ತದೆ. ಪಾಲಕನನ್ನು ಆರಿಸುವಾಗ ನ್ಯಾಯಾಲಯವು ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕನ ಶೀಲ, ಸಾಮರ್ಥ್ಯ ಮತ್ತು ಬಾಂಧವ್ಯದ ಸಾಮೀಪ್ಯ, ಮೃತರಾದ ತಂದೆತಾಯಿಯರ ಇಚ್ಛೆ ಇವನ್ನು ಪರಿಗಣಿಸಿ, ತಿಳಿವಳಿಕೆ ಬಂದ ವಯಸ್ಸಿನ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಮಗುವಿನ ಕ್ಷೇಮವೇ ಪರಮವಾಗಿ ಪರಿಗಣಿಸತಕ್ಕ ವಿಷಯವೆಂದು 1956ರ ಕಾಯಿದೆಯ 13ನೆಯ ಕಲಮು ಸಾರುತ್ತದೆ. ತಂದೆಯ ಹಕ್ಕೂ ತಾಯಿಯ ಹಕ್ಕೂ ಅದಕ್ಕೆ ಅಧೀನ. ಹಾವೇರಿ ಜಿಲ್ಲೆಯಿಂದ ಮೇಲ್ಮನವಿಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋಗುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಇದು 2013ರಲ್ಲಿ ಸ್ಥಿರಪೀಠವಾಯಿತು.

ಲೆಕ್ಕ, ಹಣ ಮತ್ತು ವ್ಯಾಜ್ಯ

ನ್ಯಾಯಾಲಯವು ಅಪೇಕ್ಷಿಸಿದರೆ ಪಾಲಕನು ಜಾಮೀನುಸಹಿತವಾದ ಮುಚ್ಚಳಿಕೆಯನ್ನು ಬರೆದುಕೊಡಬೇಕು. 6 ತಿಂಗಳೊಳಗೆ ಸ್ಥಾವರ, ಹಣ, ಚರಸ್ವತ್ತು, ಸಾಲ ಮತ್ತು ಬರತಕ್ಕ ಬಾಕಿಗಳ ಪಟ್ಟಿಯನ್ನು ಒಪ್ಪಿಸಬೇಕು. ನಿಗದಿಯಾದ ಕಾಲಗಳಲ್ಲಿ ಲೆಕ್ಕ ಸಲ್ಲಿಸಿ ಉಳಿಕೆಯನ್ನು ತುಂಬಬೇಕು. ಶ್ರಮಕ್ಕೆ ತಕ್ಕ ಭತ್ಯವನ್ನು ಪಾಲ್ಯನ ಸ್ವತ್ತಿನಿಂದ ಕೊಡಲು ನ್ಯಾಯಾಲಯವು ಒಪ್ಪಬಹುದು.

ಮಗುವಿನ ಪರವಾಗಿ ದಾವೆಯನ್ನು ಹಿತೈಷಿಯಾದ ವಾದಮಿತ್ರನು ಹೂಡುತ್ತಾನೆ. ಮಗುವಿನ ವಿರುದ್ಧದ ದಾವೆಯಲ್ಲಿ ನ್ಯಾಯಾಲಯವು ವಾದಾರ್ಥ ಪಾಲಕನನ್ನು ನೇಮಿಸುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದಂತೆ ಇವರಾರೂ ನ್ಯಾಯಾಲಯದ ಒಪ್ಪಿಗೆಯಿಲ್ಲದೆ ರಾಜಿ ಮಾಡಿಕೊಳ್ಳಕೂಡದು, ಡಿಕ್ರಿಯ ಹಣವನ್ನು ಪಡೆಯಕೂಡದು. ಅಪಘಾತದಲ್ಲಿ ಪೋಷಕನನ್ನು ಕಳೆದುಕೊಂಡ ಮಗುವಿನ ಪರಿಹಾರದ ಹಣವನ್ನು, ಅದು ಪ್ರಾಪ್ತವಯಸ್ಕವಾಗುವವರೆಗೆ, ಬ್ಯಾಂಕಿನಲ್ಲಿ ಮುದ್ದತಿನ ಠೇವಣಿಯಾಗಿ ಇರಿಸುವುದು ನ್ಯಾಯಮಂಡಳಿಗಳ ಕ್ರಮ. ಬ್ಯಾಂಕಿನಲ್ಲಿ ಮಗುವಿನ ಖಾತೆಯನ್ನು ತಾಯಿಯೂ ಪಾಲಕಳಾಗಿ ತೆರೆಯಬಹುದು. 10 ವರ್ಷ ಮೀರಿದ ಮಗುವು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು.

ಪಾಲಕತ್ವದ ಮುಕ್ತಾಯ

ಪಾಲಕನ ಅಥವಾ ಪಾಲ್ಯನ ಮರಣ, ಪಾಲ್ಯನಿಗೆ 18 ವರ್ಷ ತುಂಬುವುದು, ಪಾಲಕನು ಬಿಡುಗಡೆ ಪಡೆಯುವುದು, ನ್ಯಾಯಾಲಯವು ಅವನನ್ನು ತೆಗೆದುಹಾಕುವುದು ಇವುಗಳಿಂದ ಪಾಲಕತ್ವ ಕೊನೆಗೊಳ್ಳುತ್ತದೆ. ವಿಶ್ವಾಸದ್ರೋಹ, ಕರ್ತವ್ಯದಲ್ಲಿ ನಿರಂತರ ಲೋಪ, ಪಾಲ್ಯನನ್ನು ಹೀನವಾಗಿ ನಡೆಸಿಕೊಳ್ಳುವುದು, ಪಾಲ್ಯನ ಹಿತಕ್ಕೆ ವಿರುದ್ಧವಾದ ಸ್ವಹಿತ, ದಿವಾಳಿತನ ಇವು ತೆಗೆದುಹಾಕಲು ಕಾರಣಗಳು. ಅಧಿಕಾರ ಮುಗಿದ ಪಾಲಕನು ತನ್ನ ವಶದಲ್ಲಿರುವ ಸ್ವತ್ತನ್ನೂ ಲೆಕ್ಕಪತ್ರಗಳನ್ನೂ ಒಪ್ಪಿಸಿದ ಮೇಲೆ ನ್ಯಾಯಾಲಯವು ಅವನ ಹೊಣೆ ತೀರಿತೆಂದು ಘೋಷಿಸಬಹುದು. ಆ ಬಳಿಕ ಬೆಳಕಿಗೆ ಬರುವ ವಂಚನೆಗೆ ಈ ಘೋಷಣೆ ರಕ್ಷಣೆಯಾಗದು.

ಇಂದಿನ ಸ್ಥಿತಿ

ತಂದೆಗಿದ್ದ ಪ್ರಾಧಾನ್ಯವು ಕ್ರಮೇಣ ಇಳಿದು ತಾಯಿಯ ಸಮಾನತೆಯ ಕಡೆಗೆ ಕಾನೂನು ಸರಿದಿದೆ. 1890ರ ಕಾಯಿದೆಗೆ ಮಾಡಿದ 2010ರ ತಿದ್ದುಪಡಿಯು, ತಂದೆಯು ಅನರ್ಹನಲ್ಲದಿರುವಾಗ ಬೇರೆ ಶರೀರಪಾಲಕನನ್ನು ನೇಮಿಸಕೂಡದೆಂಬ ನಿಯಮಕ್ಕೆ ತಾಯಿಯನ್ನೂ ಸೇರಿಸಿತು. ಭಾರತದ ಕಾನೂನು ಆಯೋಗವು 2015ರ 257ನೆಯ ವರದಿಯಲ್ಲಿ ತಂದೆತಾಯಿಯರಿಬ್ಬರಿಗೂ ಸಮಾನ ಪಾಲಕತ್ವವನ್ನೂ ಜಂಟಿ ಅಭಿರಕ್ಷೆಯನ್ನೂ ಶಿಫಾರಸು ಮಾಡಿದೆ. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯು ಈ ದಿಕ್ಕಿಗೆ ಪ್ರೇರಕವಾಗಿದೆ.

ಪಾಲಕರೇ ಇಲ್ಲದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯಿದೆಯು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಅಧಿಕಾರವಿತ್ತಿದೆ. ಕೋವಿಡ್ ವ್ಯಾಧಿಯಿಂದ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆಯೂ, ತಿಂಗಳಿಗೆ 3,500 ರೂಪಾಯಿಗಳ ನೆರವನ್ನೀಯುವ ಕರ್ನಾಟಕದ ಮುಖ್ಯಮಂತ್ರಿ ಬಾಲಸೇವಾ ಯೋಜನೆಯೂ ಆರಂಭವಾದುವು. ಮೊದಲನೆಯದರಲ್ಲಿ 23 ವರ್ಷ ತುಂಬಿದಾಗ ಕೈಸೇರುವ 10 ಲಕ್ಷ ರೂಪಾಯಿಗಳ ನಿಧಿಯ ಖಾತೆಗೆ, ಮಗುವು ಅಪ್ರಾಪ್ತವಯಸ್ಕವಾಗಿರುವವರೆಗೆ, ಜಿಲ್ಲಾಧಿಕಾರಿಯೇ ಪಾಲಕ. ಹಿಂದೆ ಧಾರವಾಡದ ಕಲೆಕ್ಟರನ ಮೇಲ್ವಿಚಾರಣೆ ಸವಣೂರಿನ ಬಾಲನವಾಬನೊಬ್ಬನಿಗೆ ದೊರೆತಿದ್ದರೆ, ಈಗ ಅದೇ ಹುದ್ದೆಯ ಆಶ್ರಯವು ಕೂಲಿಕಾರನ ಮಗುವಿಗೂ ಯೋಜನೆಯ ಮೂಲಕ ಲಭ್ಯವಾಗಿದೆ. ತಾಲೂಕು ಕೇಂದ್ರಗಳಲ್ಲಿ ಕಾನೂನು ಸೇವಾ ಸಮಿತಿಗಳಿದ್ದು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರೂ ಮಕ್ಕಳೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು; ಸ್ವತ್ತಿನ ಪರಭಾರೆಗೆ ಅನುಮತಿ ಕೇಳುವ ತಾಯಿಯೂ, ಪಾಲಕನ ಅನ್ಯಾಯದ ವಿರುದ್ಧ ಮಗುವಿನ ಪರವಾಗಿ ಬರುವ ವಾದಮಿತ್ರನೂ ಈ ನೆರವಿನಿಂದ ನ್ಯಾಯಾಲಯವನ್ನು ಸೇರಬಹುದು.